ಎರಡು ಮುಷ್ಟಿ ಅಕ್ಕಿ

ಎಂಬತ್ತರ ಆಚೀಚೆಯ ಮಾತು. ಮಾನ್ವಿಯ ಟೈಪಿಂಗ್ ಕ್ಲಾಸಿನಲ್ಲಿ ಆ ಸಂಜೆ ಇದ್ದವರು ನಾವು ಕೆಲವು ವಿದ್ಯಾರ್ಥಿಗಳು, ವ್ಯಾಪಾರದ ಇಂಗ್ಲಿಷ್ ಕಲಿಸುವ ನಮ್ಮ ಮಾಸ್ತರು, ಮತ್ತು ಆ ಕಟ್ಟಡದ ಮಾಲಕರಾದ ಅಕ್ಕಿ ಗಿರಣಿಯ ಸಾಹುಕಾರರು.

ಮಾಸ್ತರು 'ಬೆಟರ್', 'ಚೀಪರ್' ಎಂಬ ಮಾತುಗಳನ್ನು ಬಾಯಿಪಾಠ ಮಾಡಿಸಿದವರಲ್ಲ. ಯಾರಾದರೂ ಹಾಗೆ ಬರೆದರೆ ಕನ್ನಡಕವನ್ನು ಹಣೆಗೇರಿಸಿ, "ಯಾವುದಕ್ಕಿಂತ? ಎರಡೂ ತಂದು ಇಡ್ರಿ" ಎನ್ನುವರು. ಹತ್ತಿಯಾಗಲಿ ಜೋಳವಾಗಲಿ, ಎರಡು ಸ್ಯಾಂಪಲ್ ಮೇಜಿನ ಮೇಲೆ ಬಂದಮೇಲೇ ವಾಕ್ಯ.

"ಮದ್ರಾಸಿನ ವ್ಯಾಪಾರಿಗೆ ಪತ್ರ ಬರೀರಿ ಮಾಸ್ತರ. ಎದುರಿನ ಗಿರಣಿ ಅಕ್ಕಿಗಿಂತ ನಮ್ಮದು ಬೆಟರ್ ಅಂತ," ಎಂದರು ಸಾಹುಕಾರರು.

"ಎರಡೂ ತರಸ್ರಿ."

ಸಾಹುಕಾರರ ಆಳು ಹೋಗಿ ತಂದ. ಮಾಸ್ತರು ಕರಿ ಬಟ್ಟೆಯ ಮೇಲೆ ಒಂದೊಂದು ಮುಷ್ಟಿ ಸುರಿದು ಬೆರಳಾಡಿಸಿದರು. ಸಾಹುಕಾರರ ಅಕ್ಕಿಯಲ್ಲೇ ನುಚ್ಚು ಹೆಚ್ಚಿತ್ತು.

"ಚೀಪರ್ ಅಂತ ಬರೀತೀನ್ರಿ. ನಿಮ್ಮ ದರ ಕಮ್ಮಿ, ಅದು ಖರೇ ಅದ."

"ನನ್ನ ಜಾಗಾದಾಗ ಕುಂತು ನನ್ನ ಅಕ್ಕಿನ ಹಗುರ ಮಾಡ್ತೀರೇನ್ರಿ? ಹೇಳಿದಂಗ ಬರೀರಿ, ಇಲ್ಲಾ ಖಾಲಿ ಮಾಡ್ರಿ!"

ಮಾಸ್ತರು ಎರಡೂ ಬೆರೆಯದಂತೆ ಬೇರೆ ಬೇರೆ ಪೊಟ್ಟಣ ಕಟ್ಟಿ ಸಾಹುಕಾರರ ಕೈಗಿತ್ತರು.

"ನನ್ನ ಹುಡುಗರು ನೋಡಾಕತ್ತಾರ್ರಿ ಸಾವ್ಕಾರ್ರ," ಎಂದರಷ್ಟೇ.

ಆ ವಾರವೇ ಟೈಪಿಂಗ್ ಮಷೀನುಗಳು ಬಂಡಿ ಏರಿ ಊರಾಚೆಯ ತಗಡಿನ ಶೆಡ್ಡಿಗೆ ಹೋದವು. ಹಗಲು ತಗಡು ಕಾಯ್ದು ಕೂರಲಾಗದೆ ಕ್ಲಾಸು ಬೆಳಗಿನ ಜಾವಕ್ಕೆ ಬದಲಾಯಿತು. ಅರ್ಧ ಮಂದಿ ಬಿಟ್ಟುಹೋದರು. ಉಳಿದವರು ಕಣ್ಣುಜ್ಜಿಕೊಳ್ಳುತ್ತ ಹೋಗುವಷ್ಟರಲ್ಲಿ ಮಾಸ್ತರು ಮಷೀನುಗಳಿಗೆ ಎಣ್ಣೆ ಬಿಟ್ಟು, ಒಬ್ಬೊಬ್ಬರಿಗೂ ಕಾಗದ ಏರಿಸಿ ಇಟ್ಟಿರುತ್ತಿದ್ದರು.