ನೆಲಕ್ಕಿಟ್ಟ ತುತ್ತು

ಬೆಳಗಾವಿಯ ಆ ಮನೋರೋಗಿಗಳ ವಾರ್ಡಿನಲ್ಲಿ ಡಾಕ್ಟರಿಗಿಂತ ಜೋರಾಗಿದ್ದವಳು ಯಾರೆಂದರೆ ಆಯಾ ಸತ್ಯವ್ವ. ಬೀಡಿ ಎಂಬ ಊರಿನ ಕುರಿಗಾರರ ಮಗಳು, ಇಪ್ಪತ್ತು ವರ್ಷದಿಂದ ಅಲ್ಲಿಯ ನೆಲ ಒರೆಸುತ್ತಿದ್ದಾಳೆ. ಒರೆಸಿದ ನೆಲದ ಮೇಲೆ ಚಪ್ಪಲಿ ಇಟ್ಟವರು ಎಂಥ ದೊಡ್ಡ ಸಾಹೇಬರಿದ್ದರೂ ಬೈಸಿಕೊಳ್ಳದೆ ಹೋಗಿದ್ದಿಲ್ಲ.

ಅಂಥ ವಾರ್ಡಿಗೆ ಬುಧನಿ ಬಂದಳು. ಜಾರ್ಖಂಡದಿಂದ ಖಾನಾಪುರದ ಹೆಂಚಿನ ಭಟ್ಟಿಗೆ ದುಡಿಯಲು ಬಂದ ಹೆಂಗಸು. ಊರಲ್ಲಿ ತಾಯಿ ತೀರಿಕೊಂಡಾಗ ಜೊತೆಗಿದ್ದ ಅಣ್ಣ ಮಣ್ಣು ಮಾಡಲು ಊರಿಗೆ ಹೋದ, ಇವಳಿಗೆ ಮೇಸ್ತ್ರಿ ರಜೆ ಕೊಡಲಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟು, ತನ್ನಷ್ಟಕ್ಕೆ ಮಾತಾಡುತ್ತ, ಗುಂಜಿ ಸ್ಟೇಷನ್ನಿನ ಹತ್ತಿರ ರೈಲು ಹಳಿಯ ಮೇಲೆ ನಡೆಯುತ್ತಿದ್ದವಳನ್ನು ಪೊಲೀಸರು ಕರೆತಂದರು. ಒಲ್ಲೆನೆಂದು ಬಾಗಿಲು ಹಿಡಿದು ಅತ್ತರೂ ಕಾನೂನಿನ ಪ್ರಕಾರ ಮೂವತ್ತು ದಿನಕ್ಕೆ ಸೇರಿಸಿಕೊಂಡರು. ಅವಳ ಭಾಷೆ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಔಷಧಿ ಹತ್ತಿತು, ನಿದ್ದೆ ಬಂತು, ಕಣ್ಣು ತಿಳಿಯಾಯಿತು. ಆದರೆ ಊಟಕ್ಕೆ ಕೂತಾಗೆಲ್ಲ ಅನ್ನ ನೆಲಕ್ಕೆ! ಸತ್ಯವ್ವ ಕೆಂಡವಾದಳು. "ಮತ್ತ ಚೆಲ್ಯಾಳ್ರೀ, ಬರ್ಕೋರಿ" ಎಂದು ನರ್ಸಿನ ಕೈಲಿ ದಿನಾ ಬರೆಸಿದ್ದೇ ಬರೆಸಿದ್ದು.

ಇಪ್ಪತ್ತೊಂಬತ್ತನೆಯ ದಿನ ಡಾಕ್ಟರ್ ತ್ರಿಶಲಾ ಫೈಲು ತಿರುವಿ ನಿಟ್ಟುಸಿರುಬಿಟ್ಟರು. "ಎಲ್ಲಾ ಛಲೋ ಆಗೇತಿ, ಅನ್ನ ಚೆಲ್ಲೂದೊಂದ ನಿಂತಿಲ್ಲ. ಇನ್ನೂ ಮೂರು ತಿಂಗಳ ಇಟಗೊಳ್ಳಾಕ ಮಾನಸಿಕ ಆರೋಗ್ಯ ಮಂಡಳಿಗೆ ಬರೀಬೇಕಾಗ್ತೈತಿ." ಅತ್ತ ಅಣ್ಣ ತಂಗಿಯನ್ನು ಕರೆದೊಯ್ಯಲು ರೈಲು ಹತ್ತಿಯಾಗಿತ್ತು.

ಆ ಮಧ್ಯಾಹ್ನ ಸತ್ಯವ್ವ ಒರೆಸುವ ಅರಿವೆ ಹಿಡಿದು ಬುಧನಿಯ ಎದುರೇ ಕಾದು ನಿಂತಳು. ಬುಧನಿ ಮೂರು ಬೆರಳಲ್ಲಿ ಚಿಟಿಕೆ ಅನ್ನ ತೆಗೆದು ತಾಟಿನ ಪಕ್ಕ ನೆಲಕ್ಕಿಟ್ಟಳು. ಎರಡು ಹನಿ ನೀರು ಬಿಟ್ಟಳು. ತುಟಿ ಅಲುಗಿತು. ಆಮೇಲೆ ಉಂಡಳು, ಮತ್ತೊಂದು ಅಗುಳೂ ಬೀಳಲಿಲ್ಲ.

ಸತ್ಯವ್ವನಿಗೆ ತೀರಿಹೋದ ಅಪ್ಪ ಕಣ್ಣಿಗೆ ಕಟ್ಟಿದ. ಕುರಿಹಟ್ಟಿಯಲ್ಲಿ ಉಣ್ಣುವ ಮುಂಚೆ ರೊಟ್ಟಿಯ ಚೂರೊಂದನ್ನು ನೆಲಕ್ಕಿಟ್ಟು, "ಹಿರ್ಯಾರು ಮೊದಲ ಉಣ್ಣಲಿ" ಅನ್ನುತ್ತಿದ್ದ ಅಪ್ಪ. ಅಯ್ಯೋ, ತಾಯಿಗೆ ತುತ್ತಿಡುವವಳ ಮೇಲೆ ತಾನು ಚಾಡಿ ಬರೆಸಿದೆನಲ್ಲ! ನಾಚಿಕೆಯಿಂದ ಅವಳ ಮುಖ ಬೆಂದುಹೋಯಿತು.

ಓಡಿಹೋಗಿ ಡಾಕ್ಟರನ್ನು ರಟ್ಟೆ ಹಿಡಿದೇ ಎಳೆತಂದಳು. "ನಾ ಬರಸಿದ್ದೆಲ್ಲಾ ಹೊಡದ ಹಾಕ್ರಿ! ಆಕಿ ಚೆಲ್ಲೂದಲ್ಲರೀ, ಅವ್ವಗ ಇಡತಾಳ."

"ನಿನಗ ಹ್ಯಾಂಗ ಗೊತ್ತು?"

ಸತ್ಯವ್ವ ತನ್ನ ಬುತ್ತಿಯ ಡಬ್ಬಿ ತಂದು ಬುಧನಿಯ ಎದುರು ಕೂತಳು. ತಾನೇ ಒರೆಸಿ ಹೊಳಪೇರಿಸಿದ ನೆಲದ ಮೇಲೆ ರೊಟ್ಟಿಯ ಚೂರಿಟ್ಟು ಕೈಮುಗಿದಳು.

ಬುಧನಿ ಕಣ್ಣರಳಿಸಿದಳು. ತಾನಿಟ್ಟ ಅನ್ನ ತೋರಿಸಿ "ಮಾ" ಎಂದಳು. ಸತ್ಯವ್ವನ ರೊಟ್ಟಿ ತೋರಿಸಿ ಹುಬ್ಬೇರಿಸಿದಳು. "ಅಪ್ಪ" ಅನ್ನುತ್ತ ಸತ್ಯವ್ವ ಇಲ್ಲದ ಮೀಸೆಯನ್ನು ಜೋರಾಗಿ ತಿರುವಿದಳು. ಬುಧನಿ ಬಂದಾಗಿನಿಂದ ಮೊದಲ ಸಲ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಾಕ್ಟರೂ ನಗುತ್ತಲೇ ಪೆನ್ನು ತೆಗೆದು ಫೈಲಿನ ಆ ಸಾಲುಗಳ ಮೇಲೆ ಗೀಟು ಹೊಡೆದರು. ಮಂಡಳಿಗೆ ಪತ್ರ ಹೋಗಲಿಲ್ಲ.

ಮರುದಿನ ಅಣ್ಣ ಬಂದ. ಹೊರಡುವ ಮುಂಚಿನ ಊಟಕ್ಕೆ ಕೂತ ಬುಧನಿ ಈ ಸಲ ಎರಡು ಚಿಟಿಕೆ ಅನ್ನ ಇಟ್ಟಳು. ಎರಡನೆಯದನ್ನು ತೋರಿಸಿ, ಸತ್ಯವ್ವನತ್ತ ನೋಡಿ, ಮೀಸೆ ತಿರುವಿದಳು.

ಅವಳು ಹೋದ ಮೇಲೂ ಸತ್ಯವ್ವ ಸಂಜೆಯವರೆಗೆ ಆ ಜಾಗ ಒರೆಸಲಿಲ್ಲ. ಹಾದುಹೋಗುವವರನ್ನೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ಗದರಿಸಿದಳು: "ಬಾಜೂಕ ಹಾದ ಹೋಗ್ರಿ, ನಮ್ಮಪ್ಪ ಉಣ್ಣಾಕ ಕುಂತಾನ."