ಕೆಳಬಾಗಿಲ ಪಾರ್ವತವ್ವ ಮತ್ತು ಒಂದೇ ಒಂದು ಚಕ್ರ

ಬೆಳಿಗ್ಗೆ ಐದೂವರೆ. ಕಾಲುವೆಯ ಕೆಳಬಾಗಿಲು ಸೋರುತ್ತಿದೆ.

ಹಿಂದಿನ ದಿನವೇ ನೆನೆಸಿಟ್ಟ ಭತ್ತದ ಹೊಟ್ಟನ್ನು ಪಾರ್ವತವ್ವ ಹಿಡಿಹಿಡಿಯಾಗಿ ತೆಗೆದು, ನೀರು ತುಂಬಿ ನಿಂತ ಬದಿಯಲ್ಲಿ ಬಾಗಿಲಿಗೆ ತಾಗುವಂತೆ ಬಿಡುತ್ತಾರೆ. ಸೋರುವ ನೀರೇ ಅದನ್ನು ಎಳೆದೊಯ್ದು ಬಿರುಕಿಗೆ ಮೆತ್ತುತ್ತದೆ. ಹತ್ತು ನಿಮಿಷದಲ್ಲಿ ಸದ್ದು ನಿಲ್ಲುತ್ತದೆ. "ತೂತು ಎಲ್ಲೈತಿ ಅಂತ ನನಗ ಗೊತ್ತಿಲ್ರಿ. ನೀರಿಗೆ ಗೊತ್ತೈತಿ."

ಇದು ಶಿರಸಿ ತಾಲ್ಲೂಕಿನ ಪೂರ್ವದಂಚಿನ ದಿಮ್ಮಿಗಾಲುವೆ. ವರದಾ ನದಿಯ ಬಂಡೆಗಳನ್ನು ತಪ್ಪಿಸಿ ಮರದ ದಿಮ್ಮಿ ಸಾಗಿಸಲು ಮುಂಬೈ ಸರ್ಕಾರದ ಕಾಲದಲ್ಲಿ ತೋಡಿದ್ದು. ಉದ್ದ ಎರಡೂವರೆ ಕಿಲೋಮೀಟರ್. ನಡುವೆ ನೆಲ ಐದಡಿ ಇಳಿಯುವಲ್ಲಿ ಎರಡು ಬಾಗಿಲು, ಮಧ್ಯೆ ತೊಂಬತ್ತು ಮೀಟರಿನ ಕಲ್ಲಿನ ಕೊಳ. ದೋಣಿ ಕೊಳಕ್ಕೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ತಳದ ಕಿಂಡಿಗಿರುವ ಅಡಿಹಲಗೆ ಎತ್ತಿದರೆ ನೀರು ಏರುತ್ತದೆ ಅಥವಾ ಇಳಿಯುತ್ತದೆ, ಜೊತೆಗೆ ದೋಣಿಯೂ. ಈಗ ದಿಮ್ಮಿಯಿಲ್ಲ. ಸುಗ್ಗಿಯಲ್ಲಿ ದಿನಕ್ಕೆ ಒಂಬತ್ತು ದೋಣಿ ಅನಾನಸು ದಾಟುತ್ತದೆ.

ನಿಯಮ ಒಂದೇ: ತನ್ನ ಬಾಗಿಲು ಮುಚ್ಚಿದವರು ಗಂಟೆ ಬಾರಿಸಬೇಕು. ಅದು ಕೇಳದೆ ಎದುರಿನವರು ಹಲಗೆ ಮುಟ್ಟುವಂತಿಲ್ಲ.

ಐವತ್ತೆಂಟರ ಪಾರ್ವತವ್ವನಿಗೆ ಈ ಕೆಲಸ ಬಂದದ್ದು ಹನ್ನೊಂದು ವರ್ಷಗಳ ಹಿಂದೆ, ಪತಿ ಮಧುಕೇಶ್ವರ ತೀರಿಕೊಂಡಾಗ. ಮೇಲುಬಾಗಿಲು ಮೈದುನ ರವೀಂದ್ರನದು. ಅಲ್ಲಿಗೆ ರಸ್ತೆಯಿದೆ. ಶಾಲೆ ಮಕ್ಕಳು, ಕ್ಯಾಮೆರಾದವರು, ಅಧಿಕಾರಿಗಳು ಅಲ್ಲಿಂದಲೇ ನೋಡಿ ಹಿಂದಿರುಗುತ್ತಾರೆ.

"ಹೊಟ್ಟಿಕಿಚ್ಚು ಐತ್ರಿ, ಸುಳ್ಳು ಯಾಕ ಹೇಳ್ಲಿ?" ಎನ್ನುತ್ತಾರೆ ಪಾರ್ವತವ್ವ. "ಅವಂದು ಐದಡಿ ನೀರು, ನಂದು ಹತ್ತಡಿ. ಫೋಟೋ ಮಾತ್ರ ಅವಂದು."

ಲೆಕ್ಕ ಅವರ ಪರವಾಗಿದೆ. ಆಚೆ ಬದಿಯ ಐದಡಿ ನೀರು ಎದುರು ಒತ್ತಿದರೂ ಕೆಳಬಾಗಿಲು ತಾಳುವ ಭಾರ ಮೇಲುಬಾಗಿಲಿನ ಮೂರುಪಟ್ಟು. ಅದರ ಹಲಗೆಯನ್ನು ಅವರು ಹಾರೆಕೋಲು ಹಾಕಿ, ಬೆನ್ನು ಕೊಟ್ಟು ಎತ್ತುತ್ತಾರೆ. ಈ ವರ್ಷ ಹಲಗೆ ಎತ್ತುವ ಕಬ್ಬಿಣದ ಚಕ್ರವೊಂದು ಮಂಜೂರಾಯಿತು. ಒಂದೇ ಒಂದು. ಮೇಲುಬಾಗಿಲಿಗೆ ಎಂದು ಕಾಗದದಲ್ಲಿತ್ತು.

ಕಳೆದ ತಿಂಗಳು ಚಕ್ರ ಕೂರಿಸುವ ಜಾಗ ನೋಡಲು ಎಂಜಿನಿಯರ್ ಬಂದು ಮೇಲುಬಾಗಿಲ ಬಳಿ ನಿಂತಾಗ, ದೋಣಿಗಾರ ಬೈರನ ಅನಾನಸಿನ ದೋಣಿ ಕೆಳಗಿನಿಂದ ಕೊಳದೊಳಕ್ಕೆ ಬಂದಿತ್ತು. ಪಾರ್ವತವ್ವ ಬಾಗಿಲು ಮುಚ್ಚಿದರು. ಗಂಟೆ ಬಾರಿಸಲಿಲ್ಲ.

"ಅವ್ವಾ, ನನ್ನ ಬಾವ್ಯಾಗಿನ ಕಪ್ಪಿ ಮಾಡಿದ್ಯಲ್ಲ!" ಕೊಳದ ತಳದಿಂದ ಬೈರ ಕೂಗಿದ.

"ವಟಗುಟ್ಟಬ್ಯಾಡ, ಕುಂದ್ರು."

"ವೈನೀ, ಗಂಟಿ ಹೊಡೀರಿ! ಸಾಹೇಬ್ರು ನಿಂತಾರ!" ಎಂದ ರವೀಂದ್ರ.

"ನಿಂದರ್ಲಿ. ನೆಳ್ಳು ಐತಲ್ಲ ನಿನ್ನ ಕಡೆ."

ನಲವತ್ತು ನಿಮಿಷವಾದ ಮೇಲೆ ಎಂಜಿನಿಯರ್ ದಂಡೆಗುಂಟ ನಡೆದುಬಂದು ಸಿಟ್ಟಿನಲ್ಲಿ ಕೇಳಿದರು: ಗಂಟೆ ಯಾಕೆ ಬಾರಿಸಿಲ್ಲ?

"ಬಾರಿಸಿದ್ರ ನೀವು ಇಲ್ಲಿಗೆ ಬರ್ತಿದ್ರೇನ್ರಿ, ಸಾಹೇಬ್ರ?"

ಎಂಜಿನಿಯರ್ ಟೇಪು ಬಿಟ್ಟು ಬಾಗಿಲ ಆಳ ಅಳೆದರು, ಹಾರೆಕೋಲನ್ನು ತಾವೇ ಒಮ್ಮೆ ಒತ್ತಿ ನೋಡಿದರು. ಬಾಗಿಲಿನ ಆಚೀಚೆ ನೀರು ಸಮ ಇದ್ದಾಗಲೂ ಹಲಗೆ ಅಲುಗಲಿಲ್ಲ.

ತಾವು ಮಾಡಿದ್ದು ತಪ್ಪೆಂದು ಪಾರ್ವತವ್ವ ಒಪ್ಪುತ್ತಾರೆ. ಬೈರನ ಹಣ್ಣು ಅಂದು ಸಂಜೆಯ ಲಾರಿಗೆ ಸಿಗಲಿಲ್ಲ. "ಅವನ ಕಾಲಿಗೆ ಬೇಕಾದ್ರ ಬೀಳ್ತೀನಿ. ರವ್ಯಾನ ಕಾಲಿಗೆ ಬೀಳೂದಿಲ್ಲ." ಚಕ್ರ ಬಿಟ್ಟರೆ ಬೇರೇನು ಬೇಕು ಎಂದರೆ, ದಂಡೆಯ ಬಿಸಿಲಿನತ್ತ ಕೈ ತೋರುತ್ತಾರೆ. "ಒಂದು ಮಾವಿನ ಸಸಿ ಹಚ್ಚಬೇಕ್ರಿ. ಈ ಕಡೆನೂ ನೆಳ್ಳಾಗ್ಲಿ."

ಸೋಮವಾರ ಚಕ್ರವನ್ನು ಕೆಳಬಾಗಿಲಿಗೆ ಕೂರಿಸಿದರು. ಮಂಗಳವಾರ ಬೆಳಿಗ್ಗೆ ಬೈರನ ಖಾಲಿ ದೋಣಿ ಮೇಲಿನಿಂದ ಕೊಳಕ್ಕೆ ಬಂತು, ಅದರ ಹಿಂದೆ ಮೇಲುಬಾಗಿಲು ಮುಚ್ಚಿತು. ಪಾರ್ವತವ್ವ ಚಕ್ರದ ಮೇಲೆ ಕೈಯಿಟ್ಟು ನಿಂತರು. ರವೀಂದ್ರ ಗಂಟೆ ಬಾರಿಸಿದ್ದು ನಲವತ್ತೊಂದು ನಿಮಿಷದ ನಂತರ.