ನೀರಿನ ಕೆಳಗಿನ ಚಕ್ಕಡಿ ದಾರಿ

ಆಗ ನನಗೆ ಅರವತ್ತು. ಹತ್ತು ವರ್ಷದ ಹಿಂದಿನ ಮಾತು. ನವಿಲುತೀರ್ಥದ ಹಿನ್ನೀರಿನಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗ ನನಗಿಂತ ಹಿರಿಯ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಹಳೆಯ ಊರಿನಲ್ಲಿ ಹುಟ್ಟಿದವನು. ನಾನು ಸುರೇಬಾನದಿಂದ ಸೊಸೆಯಾಗಿ ಬಂದದ್ದು ಹೊಸ ಊರಿಗೆ, ಹಳೆಯದನ್ನು ಕಂಡವಳಲ್ಲ.

ನೀರಿನ ನಟ್ಟನಡುವೆ ಆತ, "ಅಗಸಿ ಬಂತು, ತಲಿ ಬಗ್ಗಸ್ರಿ!" ಎನ್ನುತ್ತಿದ್ದ. ಹಳೆಯ ಊರಬಾಗಿಲು ಅಲ್ಲೇ ಅಡಿಯಲ್ಲಿತ್ತಂತೆ. ಎಲ್ಲರೂ ನಗುತ್ತಿದ್ದರು. ಆತ ಮಾತ್ರ ಬಗ್ಗುತ್ತಿದ್ದ. ನಾವು ನಡುಗಡ್ಡೆ ಎನ್ನುವ ದಿಬ್ಬ ಆತನಿಗೆ ಹಳೆಯ ಊರಿನವರು ರಾಶಿ ಮಾಡುತ್ತಿದ್ದ 'ಮೇಲಿನ ಕಣ'.

ಒಂದು ಮಳೆಗಾಲ, ಬೆಳಿಗ್ಗೆ ಒಣ ನೆಲದ ಮೇಲೆ ಆ ದಿಬ್ಬಕ್ಕೆ ಹೋದ ನನ್ನ ಒಂಬತ್ತು ಆಡುಗಳನ್ನು ಮಧ್ಯಾಹ್ನ ನೀರು ಸುತ್ತುಗಟ್ಟಿತು. ಅಂಬಿಗ ಹರಿಗೋಲಿಗೆ ಆಗತಾನೆ ಡಾಂಬರು ಬಳಿದು ಬೋರಲು ಹಾಕಿದ್ದ.

"ಯಣ್ಣಾ, ಇದು ಒಣಗೂದ್ರಾಗ ನನ್ನ ಆಡು ಸಾಯ್ತಾವು," ಎಂದೆ.

"ಸುಮ್ಕಿರ ತಂಗಿ. ಕಣಕ್ಕ ಚಕ್ಕಡಿ ಹೋಗತಿದ್ವು, ಆಡು ಬರೂದಿಲ್ಲೇನು?" ಎಂದು ಧೋತರ ಎತ್ತಿ ಕಟ್ಟಿ ನೀರಿಗಿಳಿದ.

ಆತ ಹೆಜ್ಜೆಯಿಟ್ಟಲ್ಲೆಲ್ಲ ಮೊಣಕಾಲುಮಟ್ಟದ ನೀರು. ಆತ ನೆಟ್ಟಗೆ ಹೋಗಲಿಲ್ಲ. ಹಳೆಯ ಗಾಡಿದಾರಿ ಹಿಡಿದು ಎಡಕ್ಕೆ ತಿರುಗಿದ, ಮತ್ತೆ ಬಲಕ್ಕೆ. ಬರುವಾಗ ಮುಂದಿನ ಆಡಿನ ಹಗ್ಗ ಹಿಡಿದಿದ್ದ, ಉಳಿದವು ಅರಚುತ್ತ ಸಾಲಾಗಿ ಬಂದವು. ಒಂದು ಆಡು ಸಾಲು ತಪ್ಪಿ, ಆಳಕ್ಕಿಳಿದು ಮುಳುಗಿತು.

"ಏ, ಗೌಡರ ಹೊಲಕ್ಕ ಇಳೀಬ್ಯಾಡ!" ಎಂದು ಗದರಿಸಿ ಅದರ ಕೋಡು ಹಿಡಿದು ಎಳೆದ.

ಒಂಬತ್ತೂ ದಂಡೆಗೆ ಬಂದವು.

ಮರುದಿನ ಬೆಳಿಗ್ಗೆ ಕೋಲು ಹಿಡಿದು ನಾನೊಬ್ಬಳೇ ಅವೇ ತಿರುವುಗಳಲ್ಲಿ ನಡೆದೆ. ದಾರಿ ದಿಬ್ಬದಲ್ಲಿ ಮುಗಿಯಲಿಲ್ಲ, ಆಚೆ ಮುಳುಗಿದ ಹಳೆಯ ಊರಿನ ಕಡೆಗೆ ಇಳಿದಿತ್ತು. ನೀರು ಎದೆಗೆ ಬರುವವರೆಗೆ ಹೋಗಿ ಹಿಂದಿರುಗಿದೆ.